ಮುಟ್ಟದೆ ಕೊಟ್ಟ ಖೋ

ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕು ಅನ್ನುತ್ತಾರೆ. ಆಡೋಣ, ಬೇಡ ಅಂದವರಾರು? ಆದರೆ ನಮ್ಮ ಪಿ.ಟಿ. ಟೀಚರ್ ಜೊತೆ ನನ್ನದೊಂದು ಜಗಳ ಅರ್ಧಕ್ಕೇ ನಿಂತಿತ್ತು. ಅದನ್ನು ಮುಗಿಸದೆ ಹೋಗಿಬಿಟ್ಟರಲ್ಲ ಎಂದು ಮೊದಲು ಸಿಟ್ಟು ಬಂತು. ದುಃಖ ಬಂದದ್ದು ಆಮೇಲೆ.

ಸುದ್ದಿ ಬಂದಾಗ ನಾನು ಡ್ಯೂಟಿಯಲ್ಲಿದ್ದೆ. ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಭೀಮಾ ನದಿಯ ಸೇತುವೆ ದಾಟುವಾಗ ಮಹಾದೇವಿಯ ಫೋನು ಬಂತು. ಹೈಸ್ಕೂಲಿನಲ್ಲಿ ನಮ್ಮ ಖೋ-ಖೋ ತಂಡಕ್ಕೆ ಕ್ಯಾಪ್ಟನ್ ಆಗಿದ್ದವಳು, ಈಗ ಶಹಾಪುರದಲ್ಲಿ ಸಂಸಾರ. "ಟೀಚರ್ ಹೋದ್ರಲೇ. ನಿನ್ನ ಬಸ್ಸಿಗೇ ಬರ್ತೀನಿ, ಸ್ಟ್ಯಾಂಡಿನ್ಯಾಗ ನಿಂತಿರ್ತೀನಿ," ಎಂದು ಹೇಳಿ ಇಟ್ಟುಬಿಟ್ಟಳು. ಬಸ್ಸಿನ ತುಂಬ ಮಂದಿ. ಕಂಡಕ್ಟರ್ ಆದವಳು ಎಲ್ಲಿ ಕೂತು ಅಳಬೇಕು? ಮುಂದಿನ ಬಾಗಿಲಿಂದ ಹಿಂದಿನ ಬಾಗಿಲಿಗೆ, ಹಿಂದಿನಿಂದ ಮುಂದಕ್ಕೆ ಸುಮ್ಮನೆ ನಡೆದೆ. ಡ್ರೈವರ್ ಕನ್ನಡಿಯಲ್ಲಿ ನೋಡಿದ. "ಯಾಕ ಅಕ್ಕಾ, ಕಾಲು ಸುಟ್ಟ ಬೆಕ್ಕಿನಂಗ ಅಡ್ಯಾಡಾಕತ್ತಿ?" ಎಂದು ಕೇಳಿದ.

ಕಾಲು ಸುಟ್ಟ ಬೆಕ್ಕು ಅಂದರೆ ಅವರೇ, ನಮ್ಮ ಟೀಚರ್. ಅವರು ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿದವಳಲ್ಲ. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿಯ ಮೇಲೆ ಅವರ ಚೀಲ ಕೂತಿರುತ್ತಿತ್ತು, ಅವರು ಕಿಟಕಿಯ ಬಳಿ ನಿಂತಿರುತ್ತಿದ್ದರು. ಊಟದ ಹೊತ್ತಿಗೆ ಜೋಳದ ರೊಟ್ಟಿಯಲ್ಲಿ ಪುಂಡಿ ಪಲ್ಯ ಸುತ್ತಿಕೊಂಡು ಮೈದಾನದ ಸುತ್ತ ತಿರುಗುತ್ತಾ ತಿನ್ನುವರು. ಯಾರಾದರೂ ಕೂಡಿರಿ ಅಂದರೆ, "ನಕ್ಕೋ, ಬ್ಯಾಡ. ಕುಂತ್ರ ಬುದ್ಧಿ ಕೆಳಗಿಳೀತದ," ಅನ್ನುವರು. ಮನೆಯಲ್ಲಿ ದಖನಿ, ಮೈದಾನದಲ್ಲಿ ಕನ್ನಡ, ಬೈಯುವಾಗ ಎರಡೂ. ಚೂಡಿದಾರದ ಓಢಣಿಯನ್ನು ಸೊಂಟಕ್ಕೆ ಬಿಗಿದು ಕಟ್ಟಿ, ಕಾಲಿಗೆ ಕ್ಯಾನ್ವಾಸ್ ಬೂಟು ಏರಿಸಿ, ಕರಿ ದಾರದಲ್ಲಿ ಸೀಟಿ ತೂಗುಬಿಟ್ಟುಕೊಂಡು ಅವರು ಬಂದರೆಂದರೆ ಮೈದಾನದಲ್ಲಿ ಮಲಗಿದ್ದ ಮೇಕೆಗಳೂ ಎದ್ದು ಹೋಗುತ್ತಿದ್ದವು.

ತಮಾಷೆಯೆಂದರೆ, ಒಬ್ಬರನ್ನೊಬ್ಬರು ನಂಬಿರಿ ಎಂದು ನಮಗೆ ದಿನವೂ ಹೇಳುವ ಈ ಹೆಂಗಸು ತಾವು ಮಾತ್ರ ಯಾವುದನ್ನೂ ನಂಬುತ್ತಿರಲಿಲ್ಲ. ಅಂಕಣದ ಎರಡೂ ತುದಿಯ ಕಂಬಗಳನ್ನು ಆಟಕ್ಕೆ ಮುಂಚೆ ಹಿಡಿದು ಅಲುಗಾಡಿಸಿ ನೋಡುವರು. ನೋಡಿ ಬಂದು ಮತ್ತೊಮ್ಮೆ ಹೋಗಿ ಅಲುಗಾಡಿಸುವರು. ಸ್ಕೂಟಿಗೆ ಕೀಲಿ ಹಾಕಿ ನಾಲ್ಕು ಹೆಜ್ಜೆ ಬಂದು ತಿರುಗಿ ಓಡುವರು. ಹೆಡ್‌ಮಾಸ್ತರರು ಒಮ್ಮೆ ವರಾಂಡದಿಂದಲೇ, "ಟೀಚರ್, ಕಂಬ ಕಿತ್ತು ಮನಿಗಿ ಒಯ್ತೀರೇನು?" ಎಂದು ಕೂಗಿದ್ದರು. "ನಿಮ್ಮ ಸಾಲಿ ಕಂಬ ಅಲ್ಲೇನ್ರೀ ಸರ್, ಅದಕ್ಕ ನೋಡಾಕತ್ತೀನಿ," ಎಂದು ಇವರೂ ಬಿಡಲಿಲ್ಲ.

ಖೋ-ಖೋ ಆಟ ಎಲ್ಲರಿಗೂ ಗೊತ್ತಿದ್ದದ್ದೇ. ಸಾಲಾಗಿ ಚೌಕಗಳಲ್ಲಿ ಒಬ್ಬಳು ಆ ಕಡೆ, ಒಬ್ಬಳು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಬೆನ್ನಟ್ಟುವವಳು ಓಡಿ ಬಂದು ಕೂತವಳ ಬೆನ್ನಿಗೆ ಹಿಂದಿನಿಂದ ಕೈ ಮುಟ್ಟಿಸಿ "ಖೋ" ಅನ್ನಬೇಕು. ಆಗ ಅವಳು ಎದ್ದು ಓಡಬೇಕು, ಇವಳು ಆ ಜಾಗದಲ್ಲಿ ಕೂರಬೇಕು. ಹಿಂದೆ ತಿರುಗಿ ನೋಡಿದರೆ ಟೀಚರಿಗೆ ಸಿಟ್ಟು. "ನಿನ್ನ ಬೆನ್ನಿಗಿ ಕಣ್ಣಿಲ್ಲ. ಓಡಿ ಬರಾಕಿನೇ ನಿನ್ನ ಬೆನ್ನಿನ ಕಣ್ಣು. ನಂಬಿ ಕುಂದ್ರು," ಅನ್ನುವರು.

ನಂಬಿ ಕೂರಲು ನಾನು ಸಿದ್ಧಳಿದ್ದೆ. ಕೈ ಬರುತ್ತಿರಲಿಲ್ಲ.

ನಮ್ಮ ಮನೆ ಸುರಪುರದ ಅಂಚಿನ ಓಣಿಯಲ್ಲಿದೆ. ಆ ಓಣಿಯ ಹೆಸರು ಹೇಳಿದರೆ ಸಾಕು, ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಬಿಡಿಸಿ ಹೇಳುವ ಅಗತ್ಯವಿಲ್ಲ. ತಂಡದಲ್ಲಿ ಆ ಓಣಿಯವಳು ನಾನೊಬ್ಬಳೇ. ನನ್ನ ಹಿಂದೆ ಬಂದವರು ಗಾಳಿಯಲ್ಲಿ ಕೈ ಆಡಿಸಿ ಬಾಯಲ್ಲಿ ಮಾತ್ರ "ಖೋ" ಅನ್ನುತ್ತಿದ್ದರು. ಕೆಟ್ಟ ಹುಡುಗಿಯರಲ್ಲ. ನನ್ನೊಡನೆ ನಗುತ್ತಿದ್ದರು, ಲೆಕ್ಕ ಕೇಳಿ ಬರೆದುಕೊಳ್ಳುತ್ತಿದ್ದರು. ಕೈ ಮಾತ್ರ ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು, ಅವರು ನಿಲ್ಲಿಸದಿದ್ದರೂ. ನಾನೂ ಕಡಿಮೆಯವಳಲ್ಲ. ಅವರಿಗೆ ಮುಜುಗರವಾಗದಿರಲಿ ಎಂದು ದನಿ ಕೇಳಿದ ಕೂಡಲೇ ಎದ್ದು ಓಡುತ್ತಿದ್ದೆ. ಹೀಗೆ ನಾವೆಲ್ಲ ಸೇರಿ, ಯಾರಿಗೂ ನೋವಾಗದಂತೆ, ಒಂದು ಕಳ್ಳ ಆಟ ಕಟ್ಟಿಕೊಂಡಿದ್ದೆವು.

ಟೀಚರ್ ಸೀಟಿ ಊದಿದರು. ಮತ್ತೆ ಆಡಿದೆವು. ಮತ್ತೆ ಊದಿದರು. "ಖೋ ಅಂದೀನ್ರಿ ಟೀಚರ್!" ಎಂದು ಮಹಾದೇವಿ ಕಾಲು ಅಪ್ಪಳಿಸಿದಳು.

"ಅಂದಿ. ಕೊಟ್ಟಿಲ್ಲ. ಖೋ ಅನ್ನೋದಲ್ಲ, ಕೊಡೋದು. ಬರೇ ಬಾಯಿಂದ ಬಿಟ್ರ ಅದು ಗಾಳಿ."

ಆಮೇಲೆ ನನ್ನ ಕಡೆ ತಿರುಗಿದರು. ಅವರೆಲ್ಲರಿಗಿಂತ ಹೆಚ್ಚು ಬೈಸಿಕೊಂಡವಳು ನಾನು. "ಅರೇ ಹುಚ್ಚಿ, ಆಕಿ ಮುಟ್ಟಿಲ್ಲ, ನೀ ಯಾಕ ಏಳ್ತಿ? ಮುಟ್ಟಲಾರದ ಯಾಕ ಎದ್ದಿ, ಹೇಳು!" ಎಂದು ಎಲ್ಲರೆದುರು ಕೂಗಿದರು. ಊರಲ್ಲಿ ಎಲ್ಲರೂ ನುಂಗಿಕೊಂಡಿದ್ದ ಮಾತನ್ನು ಈ ಹೆಂಗಸು ಸೀಟಿ ಊದಿದ ಬಾಯಲ್ಲೇ ಉಗುಳಿಬಿಟ್ಟಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ಅವರು ಉಪದೇಶ ಮಾಡುತ್ತಾರೆಂದು ಕಾದೆವು. ಉಪದೇಶ ಅವರ ಜಾಯಮಾನದಲ್ಲಿಲ್ಲ. "ಇವತ್ತ ಎಲ್ಲರ ಬಾಯಿ ಬಂದ್," ಅಂದರು. ಯಾರೂ ಖೋ ಅನ್ನುವ ಹಾಗಿಲ್ಲ. ಕೈಯಿಂದ ಮಾತ್ರ ಕೊಡಬೇಕು, ಬೆನ್ನಿಗೆ ಕೈ ತಗಲಿದರೆ ಮಾತ್ರ ಏಳಬೇಕು. ಆಟ ಶುರುವಾಯಿತು. ಮಹಾದೇವಿ ಓಡಿ ಬಂದು ನನ್ನ ಹಿಂದೆ ನಿಂತಳು. ನಾನು ಏಳಲಿಲ್ಲ. ಆಕೆ ಏದುಸಿರು ಬಿಡುವುದು ಕೇಳುತ್ತಿತ್ತು. ಓಡುವವರೂ ಓಡುವುದನ್ನು ಬಿಟ್ಟು ನಿಂತರು. ಬಿಸಿಲಿಗೆ ಸುತ್ತಲಿನ ಬಂಡೆಗಳು ಕಾದು, ನೆಲದಿಂದ ಸೆಕೆ ಏಳುತ್ತಿತ್ತು. ಟೀಚರ್ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಮ್ಮ ಸುತ್ತ ತಿರುಗಿದರು. "ನಂಗೇನ್ ಅವಸರಿಲ್ಲ," ಅಂದರು, ಹುಟ್ಟಿದಾಗಿನಿಂದ ಅವಸರದಲ್ಲೇ ಇದ್ದವರು.

ಕೊನೆಗೆ ಬೆನ್ನಿಗೆ ಒಂದು ಬೆರಳು ತಗಲಿತು. ಹಂಚು ಕಾದಿದೆಯೋ ಇಲ್ಲವೋ ಎಂದು ನೋಡುವವರ ಬೆರಳು. ನಾನು ಎದ್ದು ಓಡಿದೆ. ಹಿಂದೆ ನೋಡಲಿಲ್ಲ, ಆದ್ದರಿಂದ ಮಹಾದೇವಿಯ ಮುಖ ಹೇಗಿತ್ತೋ ಗೊತ್ತಿಲ್ಲ. ಬೇರೊಬ್ಬಳು ಆವತ್ತು ಕೈಯನ್ನು ಲಂಗಕ್ಕೆ ಒರೆಸಿಕೊಂಡದ್ದನ್ನು ಮಾತ್ರ ನೋಡಿದೆ.

ಆದರೆ ಆಟವೆಂಬುದು ವಿಚಿತ್ರ. ರಭಸ ಏರಿದರೆ ಮನುಷ್ಯನಿಗೆ ತನ್ನ ಅಜ್ಜ ಯಾರೆಂಬುದು ಮರೆಯುತ್ತದೆ. ಬೆರಳು ಹೋಗಿ ಅಂಗೈ ಬಂತು. ಅಂಗೈ ಹೋಗಿ ಏಟು ಬಂತು. ಸ್ನಾನಕ್ಕೆ ನೀರು ಹಾಕುವಾಗ ಅವ್ವ ನನ್ನ ಬೆನ್ನಿನ ಮೇಲಿನ ಕೆಂಪು ಗುರುತು ಕಂಡು ಗಾಬರಿಯಾದಳು. "ಯಾರ ಹೊಡದಾರ ನಿನಗ?" ಅಂದಳು. "ಗೆಳತ್ಯಾರು," ಅಂದೆ. ಅಷ್ಟು ಜಂಬದಿಂದ ನಾನು ಮತ್ತೆ ಯಾವ ಮಾತನ್ನೂ ಆಡಿಲ್ಲ.

ಆ ವರ್ಷ ಯಾದಗಿರಿಯಲ್ಲಿ ಜಿಲ್ಲಾ ಮಟ್ಟದ ಪಂದ್ಯ ಗೆದ್ದೆವು. ಎದುರಾಳಿಗಳ ಕೊನೆಯ ಓಟಗಾರ್ತಿ ಹಾವಿನಂತೆ ನುಸುಳುತ್ತಿದ್ದಳು. ಕಂಬದ ಹತ್ತಿರ ಮಹಾದೇವಿ ನನ್ನ ಬೆನ್ನಿಗೆ ಕೊಟ್ಟ ಖೋಗೆ ನಾನು ಮುಗ್ಗರಿಸಿಯೇ ಎದ್ದೆ, ಬೀಳುತ್ತಲೇ ಅವಳ ಕಾಲು ಮುಟ್ಟಿದೆ. ಎಲ್ಲರೂ ನನ್ನ ಮೇಲೆ ಬಿದ್ದರು. ಯಾರ ಕೈ ಯಾರದು, ಯಾರ ಜಡೆ ಯಾರದು ತಿಳಿಯಲಿಲ್ಲ. ಟೀಚರ್ ಮಾತ್ರ ದೂರದಲ್ಲಿ ಯಾರದೋ ಕಂಬವನ್ನು ಅಲುಗಾಡಿಸುತ್ತಿದ್ದರು. ಅವರು ಅಳುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಥೆ. ಭಾಷಣಕ್ಕೂ ಆಗುತ್ತದೆ. ಆದರೆ ನನ್ನ ಜಗಳ ಶುರುವಾಗುವುದೇ ಇಲ್ಲಿಂದ.

ಬಾಡಿಗೆಯ ಕ್ರೂಸರ್‌ನಲ್ಲಿ ಹಾಡುತ್ತಾ ವಾಪಸಾದೆವು. ಮಹಾದೇವಿಯ ಹಳ್ಳಿ ದಾರಿಯಲ್ಲೇ ಇತ್ತು, ಸುರಪುರಕ್ಕೆ ಇನ್ನೂ ಸ್ವಲ್ಪ ಮುಂಚೆ. ಅವರು ಊರಿನ ಗೌಡರ ಮನೆಯವರು. ಆಕೆಯ ಅವ್ವ ಗಾಡಿಯನ್ನು ತಡೆದು, "ಗೆದ್ದು ಬಂದೀರಿ, ಚಹಾ ಕುಡಿಲಾರದ ಹೆಂಗ ಹೋಗ್ತೀರಿ?" ಎಂದು ಎಲ್ಲರನ್ನೂ ಇಳಿಸಿದರು. ಪಡಸಾಲೆಯಲ್ಲಿ ಹುಡುಗಿಯರಿಗೆಲ್ಲ ಸ್ಟೀಲ್ ಲೋಟದಲ್ಲಿ ಚಹಾ ಬಂತು. ನನ್ನ ಕೈಗೆ ಕಾಗದದ ಕಪ್ಪು ಬಂತು. ನಗುನಗುತ್ತಲೇ ಕೊಟ್ಟರು, ಸಕ್ಕರೆ ಸಾಕೇನು ಎಂದೂ ಕೇಳಿದರು. ಹಾಡು ನಿಂತಿತು. ಗೆಳತಿಯರೆಲ್ಲ ತಮ್ಮ ತಮ್ಮ ಲೋಟದೊಳಗೆ ನೋಡಿದರು. ಮಹಾದೇವಿ ಒಳಗೆ ಹೋದವಳು ಹೊರಗೆ ಬರಲಿಲ್ಲ.

ಗಾಡಿಯ ಹತ್ತಿರ ನಾನು ಟೀಚರನ್ನು ಹಿಡಿದೆ. "ಟೀಚರ್, ಒಳಗ ಯಾಕ ಸೀಟಿ ಹೊಡಿಲಿಲ್ಲ?"

ಅವರು ಕೈ ಮುಂದೆ ಮಾಡಿದರು. ಅವರ ಕೈಯಲ್ಲೂ ಕಾಗದದ ಕಪ್ಪೇ ಇತ್ತು. ನಿಂತುಕೊಂಡೇ ಕುಡಿದಿದ್ದರು, ನಾನು ನೋಡಿರಲಿಲ್ಲ.

"ಮತ್ತ ಯಾಕ ಕುಡದ್ರಿ?"

"ನಾ ಕುಡಿಲಾರದ ಎದ್ದಿದ್ರ ಮಹಾದೇವಿನ ನಾಳಿಂದ ಮೈದಾನಕ್ಕ ಕಳಸ್ತಿದ್ದಿಲ್ಲ. ಟೀಮ್ ಒಡೀತಿತ್ತು."

"ಅಂದ್ರ ಟೀಮ್ ಉಳೀಬೇಕಂದ್ರ ನಾ ಕಾಗದದ ಕಪ್ಪಿನ್ಯಾಗ ಕುಡೀಬೇಕೇನ್ರಿ?"

ಅವರು ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಮೈದಾನದಾಗ ನನ್ನ ಮಾತು ನಡೀತದ. ಅದು ಆಕಿ ಅವ್ವನ ಮನಿ, ಬೇಟಾ," ಅಂದರು. ನಾನು ಇನ್ನೂ ನಿಂತೇ ಇದ್ದೆ. "ಗಾಡಿ ಹತ್ತು," ಅಂದರು. ಅಷ್ಟೇ ಉತ್ತರ.

ಮರುದಿನದಿಂದ ನಾನು ಮೈದಾನಕ್ಕೆ ಹೋಗಲಿಲ್ಲ. ಸೀಟಿಯ ಹೆದರಿಕೆಗೆ ನನ್ನನ್ನು ಮುಟ್ಟಿದವರು, ಸೀಟಿ ಇಲ್ಲದಲ್ಲಿ ತಮ್ಮ ಲೋಟ ನೋಡಿಕೊಂಡರು. ಹಾಗಾದರೆ ನಾನು ತಂಡದವಳೋ, ಅಲ್ಲವೋ? ಈ ಪ್ರಶ್ನೆ ನನ್ನನ್ನು ಕೂರಲು ಬಿಡಲಿಲ್ಲ, ನಿಲ್ಲಲು ಬಿಡಲಿಲ್ಲ. ವಿಭಾಗ ಮಟ್ಟದ ಪಂದ್ಯ ಕಲಬುರಗಿಯಲ್ಲಿ ಇತ್ತು. ಟೀಚರ್ ಕರೆಯಲು ಬರುತ್ತಾರೆಂದು ಸಂಜೆಯೆಲ್ಲ ಅವರ ಸ್ಕೂಟಿಯ ಸದ್ದಿಗೆ ಕಿವಿಗೊಟ್ಟು ಬಾಗಿಲಲ್ಲೇ ನಿಂತಿರುತ್ತಿದ್ದೆ. ಬರುವುದಿಲ್ಲ ಎಂದು ಹಟ ಹಿಡಿಯಲು ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದೆ. ಅವರು ಬರಲೇ ಇಲ್ಲ. ಅದಕ್ಕೂ ಸಿಟ್ಟು ಬಂತು.

ಬಂದವಳು ಮಹಾದೇವಿ. ಯೂನಿಫಾರಂನಲ್ಲೇ ಇದ್ದಳು, ಸೈಕಲ್ ತಳ್ಳಿಕೊಂಡು ಓಣಿಯೊಳಗೆ ಬಂದಳು. ಗೌಡರ ಮಗಳು ನಮ್ಮ ಓಣಿಗೆ ಬಂದಳೆಂದು ಮಂದಿ ಬಾಗಿಲಿಗೆ ಬಂದು ನಿಂತರು. ಅವ್ವನಿಗೆ ಕೈಕಾಲೇ ಆಡಲಿಲ್ಲ. ಚಾಪೆ ಹಾಸಿದಳು, ತೆಗೆದಳು, ಮತ್ತೆ ಹಾಸಿದಳು. ಒಲೆಗೆ ಚಹಾ ಇಟ್ಟು ಹಿಂದಿನ ಬಾಗಿಲಿಂದ ಎಲ್ಲಿಗೋ ಓಡಿದಳು.

"ಟೀಚರ್ ನಿನ್ನ ಚೌಕ ಖಾಲಿ ಇಟ್ಟಾರ," ಅಂದಳು ಮಹಾದೇವಿ. "ಯಾರನ್ನೂ ಕುಂದ್ರಸಾಕ ಒಲ್ಲರು. ಆಕಿ ಜಾಗಾ ಆಕಿದು, ಖಾಲಿ ಇಟ್ಟೇ ಆಡ್ರಿ ಅಂತಾರ. ಓಡಿ ಬಂದು ಖೋ ಕೊಡಬೇಕಂದ್ರ ಅಲ್ಲಿ ಯಾರೂ ಇಲ್ಲ. ಓಡವ್ರೆಲ್ಲ ನಕ್ಕೋತ ಅಲ್ಲೇ ನುಸುಳಿ ಹೋಗ್ತಾರ. ದಿನಾ ಸೋಲಾಕತ್ತೀವಿ. ಬೇರೆ ಹುಡುಗೀನ ಹಾಕ್ರಿ ಅಂದ್ರ, ಖಾಲಿ ಮಾಡಿದವರು ಯಾರು, ಅವ್ರನ್ನ ಕೇಳ್ರಿ ಅಂತಾರ."

ಅಷ್ಟರಲ್ಲಿ ಅವ್ವ ಚಹಾ ತಂದಳು. ನನಗೆ ನಮ್ಮ ಮನೆಯ ಲೋಟದಲ್ಲಿ. ಮಹಾದೇವಿಗೆ ಕಾಗದದ ಕಪ್ಪಿನಲ್ಲಿ. ಅದನ್ನು ತರಲೆಂದೇ ಅಂಗಡಿಗೆ ಓಡಿದ್ದಳು. "ಕುಡೀರಿ ಅವ್ವಾರ. ಹೊಸಾದದ, ನಾವ್ಯಾರೂ ಮುಟ್ಟಿಲ್ಲ," ಅಂದಳು, ಬಲು ಪ್ರೀತಿಯಿಂದ.

ಪಾಪ, ಅವ್ವನಿಗೆ ಏನೂ ಗೊತ್ತಿರಲಿಲ್ಲ. ಅವರ ಮನೆಯಲ್ಲಿ ನಡೆದದ್ದನ್ನು ನಾನು ಹೇಳಿರಲಿಲ್ಲ. ಗೌಡರ ಮಗಳಿಗೆ ನಮ್ಮಿಂದ ಮೈಲಿಗೆಯಾಗದಿರಲಿ, ನಾಳೆ ಯಾರೂ ಆಕೆಗೆ ಒಂದು ಮಾತು ಅನ್ನದಿರಲಿ ಎಂದು ಮಾಡಿದ ಮರ್ಯಾದೆ ಅದು. ಮಹಾದೇವಿ ಆ ಕಪ್ಪನ್ನು ನೋಡಿದಳು. ಆಕೆಯ ಮುಖ ಕಪ್ಪಿಟ್ಟಿತು. ಬೇಡ ಅನ್ನಲಿಲ್ಲ, ಲೋಟದಲ್ಲಿ ಕೊಡಿ ಎಂದೂ ಅನ್ನಲಿಲ್ಲ. ಬಿಸಿ ಬಿಸಿಯಾಗಿಯೇ ಕುಡಿದು ಮುಗಿಸಿದಳು. ಕಣ್ಣಲ್ಲಿ ನೀರು ಬಂದಿತ್ತು, ಚಹಾದ ಬಿಸಿಗೆ ಎಂದು ಅವ್ವ ತಿಳಿದಳು. ನನಗೆ ಆಕೆಯ ಮೇಲೆ ಕನಿಕರ ಬಂದದ್ದು ನಿಜ, ಒಳಗೊಳಗೇ ಖುಷಿಯಾದದ್ದೂ ನಿಜ. ಖಾಲಿ ಕಪ್ಪನ್ನು ಆಕೆ ಎಸೆಯಲಿಲ್ಲ. ಮುಷ್ಟಿಯಲ್ಲಿ ಮುದುಡಿ ಹಿಡಿದುಕೊಂಡೇ ಸೈಕಲ್ ಹತ್ತಿರ ಹೋದಳು.

"ನಾಳಿಗಿ ಬಾ. ನೀ ಬರಲಿಲ್ಲಂದ್ರ ನಾನೂ ಬರಂಗಿಲ್ಲ," ಅಂದಳು.

ಹೋದೆ. ಟೀಚರ್ ನನ್ನನ್ನು ನೋಡಿ, "ಬೂಟಿನ ದಾರ ಕಟ್ಕೋ," ಅಂದರು. ಎಲ್ಲಿದ್ದೆ, ಯಾಕೆ ಬರಲಿಲ್ಲ, ಒಂದೂ ಇಲ್ಲ. ತಡೆಯಲಾರದೆ ನಾನೇ ಕೇಳಿದೆ: "ನೀವ್ಯಾಕ ಕರೀಲಾಕ ಬರಲಿಲ್ಲ?"

"ನಾ ಬಂದಿದ್ರ ಟೀಚರ್ ಕರದ್ರು ಅಂತ ಬರ್ತಿದ್ದಿ. ಆಡೋರು ಅವ್ರು. ಕರೀಬೇಕಾದವ್ರೂ ಅವ್ರ."

ಕಲಬುರಗಿಯಲ್ಲಿ ಸೋತೆವು. ಚೆನ್ನಾಗಿಯೇ ಸೋತೆವು. ಮಹಾದೇವಿಯ ಅವ್ವನ ಮನೆಯಲ್ಲಿ ಏನೂ ಬದಲಾಗಲಿಲ್ಲ, ನಾನು ಮತ್ತೆ ಆ ಪಡಸಾಲೆಗೆ ಹೋಗಲೂ ಇಲ್ಲ. ಕಂಡಕ್ಟರ್ ಕೆಲಸ ಸಿಕ್ಕ ಮೇಲೆ ಟೀಚರ್ ಎಷ್ಟೋ ಸಲ ನನ್ನ ಬಸ್ಸಿಗೆ ಹತ್ತಿದ್ದಾರೆ. ಸೀಟು ಖಾಲಿಯಿದ್ದರೂ ನನ್ನ ಪಕ್ಕದಲ್ಲೇ ಕಂಬಿ ಹಿಡಿದು ನಿಲ್ಲುವರು. ನಾನು ಪ್ರತಿ ಸಲವೂ ಅದೇ ಮಾತು ತೆಗೆಯುತ್ತಿದ್ದೆ. "ಆ ಚಹಾ ಕುಡೀಬಾರದಿತ್ರಿ ನೀವು." ಅವರು ಒಮ್ಮೆ ಹೌದು ಅನ್ನುವರು, ಒಮ್ಮೆ ಟೀಮ್ ಉಳೀತಲ್ಲ ಅನ್ನುವರು. ಕಳೆದ ಸಲ ಮಾತ್ರ, "ಇನ್ನೂ ಗೊತ್ತಾಗಿಲ್ಲ ಬೇಟಾ. ಗೊತ್ತಾದ ದಿನ ಫೋನ್ ಮಾಡ್ತೀನಿ," ಅಂದಿದ್ದರು.

ಅವರ ಫೋನು ಬರಲಿಲ್ಲ. ಬಂದದ್ದು ಮಹಾದೇವಿಯದು.

ಶಹಾಪುರದಲ್ಲಿ ಆಕೆ ಹತ್ತಿದಳು. ಕೂರು ಎಂದು ಸೀಟು ತೋರಿಸಿದೆ, ಕೂರಲಿಲ್ಲ. ಇಬ್ಬರೂ ಸುರಪುರದವರೆಗೆ ನಿಂತೇ ಬಂದೆವು. ಬಸ್ಸನ್ನು ಡಿಪೋಕ್ಕೆ ಒಪ್ಪಿಸಿ ಖಾಕಿಯಲ್ಲೇ ಮಹಾದೇವಿಯ ಜೊತೆ ಟೀಚರ್ ಮನೆಗೆ ನಡೆದೆ. ಗಂಡಸರು ಕಬರಸ್ತಾನಕ್ಕೆ ಹೊರಟುಹೋಗಿದ್ದರು. ಮನೆಯೊಳಗೆ ಹೆಂಗಸರು ತುಂಬಿದ್ದರು, ಟೀಚರ್ ಅಕ್ಕನ ಅಳು ಬೀದಿಗೂ ಕೇಳುತ್ತಿತ್ತು. ಬಾಗಿಲಿಗೆ ಅಡ್ಡವಾಗಿ ನೆರೆಮನೆಯ ಮುದುಕಿಯೊಬ್ಬಳು ಕೂತಿದ್ದಳು, ಹಣೆಗೆ ವಿಭೂತಿ ಹಚ್ಚಿದವಳು. ಮಹಾದೇವಿಯನ್ನು ಆಕೆ ಏನೂ ಕೇಳಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀ ಯಾರ ಪೈಕಿ, ಯವ್ವಾ?"

ನಮ್ಮ ಕಡೆ ಇದು ಊರು ಕೇಳುವ ಮಾತಲ್ಲ, ಹೆಸರು ಕೇಳುವ ಮಾತೂ ಅಲ್ಲ. ಸಾವಿನ ಮನೆಯ ಬಾಗಿಲಲ್ಲೂ ಬಿಡದ ಪ್ರಶ್ನೆ ಅದು. ನಮ್ಮ ಓಣಿಯ ಹೆಸರು ಹೇಳಲು ಬಾಯಿ ತೆರೆದೆ. ಚಪ್ಪಲಿ ಬಿಟ್ಟು ಮುಂದೆ ಹೋಗಿದ್ದ ಮಹಾದೇವಿ ಹೊಸ್ತಿಲಿನಿಂದ ಇಳಿದು ಹಿಂದೆ ಬಂದಳು.

"ಟೀಚರ್ ಪೈಕಿರಿ," ಅಂದಳು ಮುದುಕಿಗೆ. "ನಾವಿಬ್ಬರೂ ಟೀಚರ್ ಪೈಕಿ. ಸ್ವಲ್ಪ ದಾರಿ ಬಿಡ್ರಿ."

ಮುದುಕಿ ಕಾಲು ಮಡಚಿಕೊಂಡಳು. ನಾವು ಒಳಗೆ ಹೋದೆವು.